ತೆಳ್ಳಗೆ ಮಾಡಿ ಹೇಳುವುದು

ಮೊನ್ನೆ ಬೆಳಿಗ್ಗೆ ಸೊಸೆ ವೀಣಾ ತಂದಿಟ್ಟ ಚಹಾದ ಕಪ್ಪಿನೊಳಗೆ ಇಣುಕಿ ನೋಡಿದೆ. ತಳದಲ್ಲಿ ಬಿಡಿಸಿದ ನೀಲಿ ಹೂವು ನನ್ನನ್ನೇ ನೋಡುತ್ತಿತ್ತು. ತುಂಬಿದ ಕಪ್ಪಿನ ತಳ ಕಾಣುವುದಾದರೆ ಅದನ್ನು ಚಹಾ ಅನ್ನಬೇಕೋ, ಚಹಾದ ಪಾತ್ರೆ ತೊಳೆದ ನೀರು ಅನ್ನಬೇಕೋ, ನೀವೇ ಹೇಳಿ. ನಾನು ಮುಖ ಎತ್ತುವ ಮೊದಲೇ ಅವಳು, "ಸ್ವಲ್ಪ ತೆಳ್ಳಗ ಮಾಡೇನ್ರಿ ಅತ್ತಿ, ಡಾಕ್ಟ್ರು ಹೇಳ್ಯಾರಲ್ಲ" ಎಂದು ಒಳಗೆ ಹೋದಳು.

ಡಾಕ್ಟರು ಹೇಳಿದ್ದು ಸಕ್ಕರೆ ಕಡಿಮೆ ಮಾಡಲು. ಚಹಾಪುಡಿ ಏನು ಪಾಪ ಮಾಡಿತ್ತು? ವಯಸ್ಸಾದವರ ವಿಷಯದಲ್ಲಿ ಹೀಗೇ ನೋಡಿ. ಒಂದನ್ನು ಇಳಿಸಲು ಹೇಳಿದರೆ ಎಲ್ಲವನ್ನೂ ಇಳಿಸಿಬಿಡುತ್ತಾರೆ. ಸಾರು ಸಪ್ಪಗಾಯಿತು, ಗುರೆಳ್ಳ ಚಟ್ನಿಯ ಡಬ್ಬಿ ನನ್ನ ಕೈಗೆ ನಿಲುಕದ ಮಾಡಕ್ಕೆ ಏರಿತು, ಸಂಜೆಯ ಸುದ್ದಿಯ ಹೊತ್ತಿಗೆ ಟಿವಿಯ ದನಿ ತಗ್ಗಿತು. ನಾನು ಇಡೀ ಜನ್ಮ ಜಮಖಂಡಿಯ ಸಾಲೆಯಲ್ಲಿ ಗಣಿತ ಕಲಿಸಿದವಳು. ಕಡೆಯ ಬೆಂಚಿನಲ್ಲಿ ನಿದ್ದೆ ಮಾಡುವವನನ್ನು ಎಬ್ಬಿಸುವಷ್ಟು ದನಿ ಇನ್ನೂ ಗಂಟಲಲ್ಲಿದೆ. ಒಮ್ಮೆ ಕೂಗಿದ್ದರೆ ಗಟ್ಟಿ ಚಹಾ ಬರುತ್ತಿತ್ತು. ಆದರೆ 'ತೆಳ್ಳಗ ಮಾಡೇನ್ರಿ' ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಗೋದಾ ಆತ್ಯಾ ನೆನಪಾದಳು, ಕೂಗುವುದು ಮರೆತುಹೋಯಿತು.

ಆತ್ಯಾ ಅಂದರೆ ಸೋದರತ್ತೆ. ಮನೆಯಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ ಆಡುವ ನಮ್ಮಂಥವರ ರೂಢಿ ಅದು. ಗೋದಾ ಆತ್ಯಾ ನಮ್ಮ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಮುಧೋಳದ ನಮ್ಮ ಮನೆಗೆ ಬಂದವಳು, ಬಂದ ದಿನದಿಂದ ಅಡಿಗೆಮನೆಯ ಯಜಮಾನಿಕೆ ಅವಳದೇ. ತೆಳ್ಳಗೆ ಮಾಡುವ ಹಕ್ಕು ಇಡೀ ಮನೆಯಲ್ಲಿ ಅವಳೊಬ್ಬಳಿಗೇ ಇತ್ತು. ಮಜ್ಜಿಗೆಗೆ ಎಷ್ಟು ನೀರು, ಸಾರಿಗೆ ಎಷ್ಟು, ಕೂಸಿನ ಹಾಲಿಗೆ ಎಷ್ಟು, ದೀಪಾವಳಿ ಮುಂದೆ ಗೋಡೆಗೆ ಬಳಿಯುವ ಸುಣ್ಣಕ್ಕೆ ಎಷ್ಟು, ಎಲ್ಲವೂ ಅವಳ ಕೈಯ ಅಂದಾಜು.

ಪುಸ್ತಕದ ಕನ್ನಡದಲ್ಲಿ ಇದಕ್ಕೆ ದೊಡ್ಡ ದೊಡ್ಡ ಶಬ್ದಗಳಿವೆ. ದುರ್ಬಲಗೊಳಿಸು ಅನ್ನುತ್ತಾರೆ, ಸೌಮ್ಯಗೊಳಿಸು ಅನ್ನುತ್ತಾರೆ. ನಮ್ಮ ಕಡೆ ಯಾರ ಬಾಯಲ್ಲೂ ನಾನು ಅವನ್ನು ಕೇಳಿಲ್ಲ. 'ಮಜ್ಜಿಗಿ ದುರ್ಬಲಗೊಳಿಸು' ಅಂದರೆ ನಮ್ಮ ಆತ್ಯಾ ಮಜ್ಜಿಗೆಗೆ ಜ್ವರ ಬಂದಿದೆಯೇನೋ ಅಂದುಕೊಳ್ಳುತ್ತಿದ್ದಳು. ನಮಗೆ 'ತೆಳ್ಳಗ ಮಾಡು' ಸಾಕು. ಬನಹಟ್ಟಿಯ ನೇಕಾರರ ಮನೆಯಲ್ಲಿ ನೂಲಿಗೆ ಹಾಕುವ ಗಂಜಿಗೂ ಅದೇ ಮಾತು, ಲೋಕಾಪುರದ ಹೋಟೆಲಿನವನ ಚಟ್ನಿಗೂ ಅದೇ ಮಾತು.

ಆತ್ಯಾಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅವಳು ತೆಳ್ಳಗೆ ಮಾಡಿದ್ದನ್ನು ಎಂದೂ ಮುಚ್ಚಿಡುತ್ತಿರಲಿಲ್ಲ. ಊಟದ ಹೊತ್ತಿಗೆ ಹೇಳದೆ ಕೇಳದೆ ಮಂದಿ ಬಂದರೆ, ಎಲೆಯ ಮುಂದೆ ಕೂತವರ ಎದುರಿಗೇ ನಿಂತು, "ಇವತ್ತ ಸಾರು ತೆಳ್ಳಗ ಅದರಿ, ನೀವು ಹೇಳದ ಬಂದೀರಿ" ಅನ್ನುತ್ತಿದ್ದಳು. ಅಮ್ಮ ಒಳಗೆ ನಾಚಿಕೆಯಿಂದ ನೆಲ ಕೆರೆಯುತ್ತಿದ್ದಳು. ಉಂಡವರಿಗೆ ಬೇಸರವಾದದ್ದನ್ನು ನಾನು ನೋಡಿಲ್ಲ. ತೆಳ್ಳಗಿದೆ ಎಂದು ಹೇಳಿ ಬಡಿಸಿದ ಸಾರನ್ನು ಮನುಷ್ಯ ಸಂತೋಷದಿಂದ ಸುರಿದು ಉಣ್ಣುತ್ತಾನೆ. ಗಟ್ಟಿ ಎಂದು ಹೇಳಿ ತೆಳ್ಳಗಿನದನ್ನು ಬಡಿಸಿದರೆ ಮಾತ್ರ ಸಿಟ್ಟು ಬರುತ್ತದೆ.

ಇನ್ನು ನಮ್ಮ ಮನೆಯ ಗಂಡಸರು. ಅಡಿಗೆಮನೆಯಲ್ಲಿ ಅವರಿಗೆ ತೆಳ್ಳಗೆ ಮಾಡಲು ಏನೂ ಸಿಗುತ್ತಿರಲಿಲ್ಲವಲ್ಲ, ಅದಕ್ಕೇ ಸುದ್ದಿಯನ್ನು ತೆಳ್ಳಗೆ ಮಾಡುತ್ತಿದ್ದರು. ಕೆಟ್ಟ ಸುದ್ದಿ ಬಂತೆಂದರೆ ಪಡಸಾಲೆಯಲ್ಲಿ ಗುಸುಗುಸು ಶುರು. 'ಒಮ್ಮೆಲೇ ಹೇಳಬ್ಯಾಡ್ರಿ, ತೆಳ್ಳಗ ಮಾಡಿ ಹೇಳೋಣು' ಎಂದು ಠರಾವು. ಮೊದಲು 'ಒಂಚೂರು ಆರಾಮಿಲ್ಲ', ಆಮೇಲೆ 'ದವಾಖಾನೆಗೆ ಹಾಕ್ಯಾರ', ಆಮೇಲೆ 'ಸೀರಿಯಸ್'. ಸತ್ತರು ಎಂಬ ಶಬ್ದವನ್ನು ನಾನು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಕೇಳಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಇರಬೇಕು. ಈ ಸೀಮೆಯಲ್ಲಿ 'ಸೀರಿಯಸ್, ಕೂಡ್ಲೇ ಬಾ' ಎಂಬ ಕರೆ ಬಂದರೆ ಜನ ಬಸ್ಸಿನಲ್ಲೇ ಅಳಲು ಶುರು ಮಾಡುತ್ತಾರೆ.

ಇದರಿಂದ ಒಂದು ಫಜೀತಿಯೂ ಆಗಿತ್ತು. ಲೋಕಾಪುರದಲ್ಲಿ ಅಪ್ಪನ ದೊಡ್ಡಪ್ಪನ ಮಗ ಭೀಮಣ್ಣ ಕಾಕಾ ನಿಜಕ್ಕೂ ಸೀರಿಯಸ್ ಆದ. ಅವನ ಮಗ ಪಾಪ, ಇದ್ದದ್ದನ್ನು ಇದ್ದ ಹಾಗೇ ಹೇಳಿ ಕಳಿಸಿದ. ನಮ್ಮ ಕಡೆಯ ಹೆಂಗಸರು ಬಸ್ಸಿಳಿದವರೇ ಬೀದಿಯ ತುದಿಯಿಂದಲೇ ಹಾಡಿ ಅಳುತ್ತ ಹೋದರು. ಬಾಗಿಲಲ್ಲಿ ನೋಡಿದರೆ ಕಾಕಾ ಮಂಚದ ಮೇಲೆ ಎದ್ದು ಕೂತು ಗಂಜಿ ಕುಡಿಯುತ್ತಿದ್ದ. ಆ ಸಿಟ್ಟಿನಲ್ಲೇ ಅವನಿಗೆ ಗುಣವಾಯಿತು ಎಂದು ನಮ್ಮ ಮನೆಯಲ್ಲಿ ಬಹಳ ದಿನ ನಕ್ಕೆವು. ಆದರೆ ಕಾಶಿ ಆತ್ಯಾಳ ದಿನ ನಡೆದದ್ದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕಾಶಿ ಆತ್ಯಾ ಗೋದಾ ಆತ್ಯಾಳ ತಂಗಿ, ಅಪ್ಪನಿಗೂ ಚಿಕ್ಕವಳು. ಕೃಷ್ಣಾ ದಂಡೆಯ ಗಲಗಲಿಗೆ ಕೊಟ್ಟಿದ್ದರು. ವರ್ಷಕ್ಕೊಮ್ಮೆ ತವರಿಗೆ ಬರುವಾಗ ಹೊಳೆದಂಡೆಯ ಬದನೆಕಾಯಿ ಒಂದು ಚೀಲ ಹೊತ್ತು ತರುತ್ತಿದ್ದಳು. ಅಕ್ಕ ತಂಗಿ ಹಿತ್ತಲಲ್ಲಿ ಕೂತರೆಂದರೆ ಮಾತು, ನಗು, ಜಗಳ, ಮತ್ತೆ ಮಾತು. ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸಿಯೇ ಎತ್ತಬೇಕು ಎಂಬುದು ನಮ್ಮಲ್ಲಿಯ ಪದ್ಧತಿ. ಕಾಶಿ ಆತ್ಯಾ ಅದನ್ನು ಹಬ್ಬದ ಸೀರೆಯ ಹಾಗೆ ಮೊದಲೇ ಕೇಳಿ ಇಟ್ಟಿದ್ದಳು. ರಬಕವಿಯ ಹಸಿರು ಸೀರೆ ಬೇಕು, ಅಂಚು ಅಗಲ ಇರಬೇಕು, ಅಣ್ಣನ ಕೈಯಲ್ಲಿ ಕೊಟ್ಟು ಕಳಿಸಬಾರದು, ನೀನೇ ಬಂದು ಹೊದಿಸಬೇಕು ಎಂದು ಕರಾರು. ಗೋದಾ ಆತ್ಯಾ ಅವಳನ್ನು ಬಾಯಿತುಂಬ ಬೈದಳು. ಬೈದವಳೇ ರಬಕವಿಗೆ ಹೋಗಿ ಅಂಥ ಸೀರೆ ತಂದು ತನ್ನ ಟ್ರಂಕಿನ ತಳದಲ್ಲಿ ಇಟ್ಟಳು. ಅದು ಅಲ್ಲಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅಪ್ಪನಿಗೂ.

ನಾನಾಗ ಮ್ಯಾಟ್ರಿಕ್ಕಿನಲ್ಲಿದ್ದೆ. ಬೇಸಿಗೆಯ ದಿನ. ಅಪ್ಪ ಕಚೇರಿಯಿಂದ ಹೊತ್ತಲ್ಲದ ಹೊತ್ತಿನಲ್ಲಿ, ಮಧ್ಯಾಹ್ನದ ಊಟಕ್ಕೂ ಮೊದಲೇ ಬಂದ. ಮುಂಬಾಗಿಲಿಂದ ಬರಲಿಲ್ಲ, ಹಿತ್ತಲಿಂದ ಬಂದು ನೇರ ಬಾವಿಯ ಹತ್ತಿರ ಹೋಗಿ, ಉಟ್ಟ ಧೋತರದಲ್ಲೇ ಕೊಡಗಟ್ಟಲೆ ನೀರು ಸುರಿದುಕೊಂಡ. ಯಾಕೆ ಎಂದು ಗೋದಾ ಆತ್ಯಾ ಒಳಗಿನಿಂದಲೇ ಕೇಳಿದ್ದಕ್ಕೆ, ಬಿಸಿಲು ಭಾಳ ಅದ ಎಂದ. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ಸ್ನಾನ ಮಾಡಿದ. ಕಾಗೆ ಮುಟ್ಟಿತಂತೆ. ಆಮೇಲೆ ಅಮ್ಮ. ಅವಳಿಗೆ ನಾಯಿ ಮುಟ್ಟಿತಂತೆ. ಮುಧೋಳದಲ್ಲಿ ನಾಯಿಗೆ ಬರವೇ, ನಂಬಬಹುದಾದ ಸುಳ್ಳು ಅದೊಂದೇ. ಕಡೆಗೆ ಅಮ್ಮ ನನ್ನನ್ನೂ ಬಾವಿಗೆ ಅಟ್ಟಿದಳು. ನನಗೆ ಸುಳ್ಳನ್ನೂ ಹೇಳಲಿಲ್ಲ, ಸುಮ್ಮನೆ ನೀರು ಹಾಕ್ಕೋ ಅಂದಳು.

ನಡೆದದ್ದು ಇಷ್ಟು. ಕಾಶಿ ಆತ್ಯಾ ಬೆಳಗಿನ ಜಾವ ತೀರಿಕೊಂಡಿದ್ದಳು. ಗಲಗಲಿಯಿಂದ ಒಬ್ಬ ಮನುಷ್ಯ ಬಂದು ಕಚೇರಿಯಲ್ಲಿ ಅಪ್ಪನಿಗೆ ಸುದ್ದಿ ಮುಟ್ಟಿಸಿ ಹೋಗಿದ್ದ. ಅವಳ ಮಗ ಸೊಲ್ಲಾಪುರದಲ್ಲಿದ್ದಾನೆ, ಅವನು ಬರುವ ತನಕ, ಅಂದರೆ ಸಂಜೆಯವರೆಗೆ, ಖಂಡಿತ ಇಡುತ್ತಾರೆ ಎಂದು ಅಪ್ಪ ತಾನೇ ತೀರ್ಮಾನ ಮಾಡಿಕೊಂಡ. ಅಕ್ಕನಿಗೆ ಒಮ್ಮೆಲೇ ಹೇಳಿದರೆ ಎದೆ ಒಡೆದೀತು, ಊಟ ಆಗಲಿ, ಆಮೇಲೆ ಜ್ವರ ಅನ್ನೋಣ, ಸಂಜೆ ಬಸ್ಸಿನಲ್ಲಿ ಸೀರಿಯಸ್ ಅನ್ನೋಣ, ಊರು ಬಂದ ಮೇಲೆ ತಾನೇ ತಿಳಿದೀತು ಎಂದು ಅವನ ಯೋಜನೆ.

ಆದರೆ ನಮ್ಮದು ಮಡಿಯ ಮನೆ. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ಮೈಮೇಲಿನ ಬಟ್ಟೆಯ ಸಮೇತ ಸ್ನಾನ ಮಾಡದೆ ಇರುವ ಧೈರ್ಯ ಯಾರಿಗೂ ಇರಲಿಲ್ಲ. ಅಕ್ಕನ ಕಣ್ಣಿಗೆ ಮಣ್ಣೆರಚಬಹುದು, ಶಾಸ್ತ್ರದ ಕಣ್ಣಿಗೆ ಎರಚಲಾಗದು! ಸುದ್ದಿ ತೆಳ್ಳಗೆ ಮಾಡುವ ಪುಣ್ಯವೂ ಬೇಕು, ಸ್ನಾನದ ಪುಣ್ಯವೂ ಬೇಕು. ಇಂಥ ಶ್ಯಾಣ್ಯಾತನ ನಮ್ಮವರಿಗೆ ಮಾತ್ರ ಸಾಧ್ಯ.

ಗೋದಾ ಆತ್ಯಾ ಎಲೆ ಹಾಕಿ, ಬಾಳೆಲೆ ತೊಳೆದ ನೀರು ಚೆಲ್ಲಲು ಹಿತ್ತಲಿಗೆ ಬಂದಳು. ಹಗ್ಗದ ಮೇಲೆ ಅಪ್ಪನ ಧೋತರ, ಚಿಕ್ಕಪ್ಪನ ಧೋತರ, ಅಮ್ಮನ ಸೀರೆ, ನನ್ನ ಲಂಗ ಸಾಲಾಗಿ ನೀರು ಸೋರುತ್ತ ನೇತಾಡುತ್ತಿದ್ದವು. ಬೆಳಗಿನ ಬಟ್ಟೆ ಆಗಲೇ ಒಣಗಿ ಮಡಚಿ ಆಗಿತ್ತು. ಅವಳು ಒಂದೊಂದನ್ನೇ ನೋಡಿದಳು. ಕೈಯಲ್ಲಿದ್ದ ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟಳು.

"ಯಾರು ಹೋದ್ರು?"

ಅಪ್ಪ ಬಾಗಿಲಲ್ಲಿ ನಿಂತಿದ್ದ. "ಯಾರೂ ಇಲ್ಲ ಅಕ್ಕಾ. ಕಾಶಿಗೆ ಒಂಚೂರು ಜ್ವರ ಅಂತ..."

"ಜ್ವರಕ್ಕ ಇಷ್ಟು ಮಂದಿ ಸ್ನಾನ ಮಾಡ್ತಾರೇನೋ?"

ಅವಳು ಬಾವಿಯ ನೀರು ಸೇದಿ ತಲೆಯ ಮೇಲೆ ಸುರಿದುಕೊಂಡಳು. ಒದ್ದೆ ಬಟ್ಟೆಯಲ್ಲೇ ಒಳಗೆ ಹೋಗಿ ಟ್ರಂಕು ತೆಗೆದು ಹಸಿರು ಸೀರೆ ಹೊರತೆಗೆದಳು. ಮಧ್ಯಾಹ್ನದ ಬಸ್ಸು ಆಗಲೇ ಹೋಗಿತ್ತು. ಅಪ್ಪ ಬಂದ ಗಳಿಗೆಯಲ್ಲೇ ಹೇಳಿದ್ದರೆ ಅದು ಸಿಗುತ್ತಿತ್ತು. ಬೆಲ್ಲ ಹೇರಿಕೊಂಡು ಹೊರಟಿದ್ದ ಲಾರಿಯೊಂದನ್ನು ಚಿಕ್ಕಪ್ಪ ಅಂಗಲಾಚಿ ನಿಲ್ಲಿಸಿದ. ಆತ್ಯಾ ಡ್ರೈವರಿನ ಪಕ್ಕದಲ್ಲಿ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅಪ್ಪ, ನಾನು ಹಿಂದೆ ಬೆಲ್ಲದ ಪೆಂಟಿಗಳ ಮೇಲೆ. ನನ್ನನ್ನು ಯಾರೂ ಕರೆದಿರಲಿಲ್ಲ, ನಾನೇ ಹತ್ತಿದೆ.

ಗಲಗಲಿಯವರು ಮಗನಿಗಾಗಿ ಕಾದಿರಲಿಲ್ಲ. ಅಂಥ ಬಿಸಿಲಿನಲ್ಲಿ ಕಾಯುವುದು ಹೇಗೆ? ಗಂಡನೇ ಬೆಂಕಿ ಕೊಟ್ಟಿದ್ದ. ನಾವು ಹೊಳೆಗೆ ಹೋದಾಗ ಬೂದಿಯ ಒಳಗೆ ಅಲ್ಲಲ್ಲಿ ಕೆಂಡ ಉಸಿರಾಡುತ್ತಿತ್ತು. ತವರಿನ ಸೀರೆ ಬರಲಿಲ್ಲವೆಂದು ಸ್ವಲ್ಪ ಹೊತ್ತು ನೋಡಿ, ಮನೆಯಲ್ಲಿದ್ದ ಯಾವುದೋ ಸೀರೆ ಹೊದಿಸಿ ಎತ್ತಿದರಂತೆ. ಆತ್ಯಾ ಅಳಲಿಲ್ಲ. ಸೀರೆಯ ಗಂಟು ಬಿಚ್ಚಿ, ಮಡಿಕೆ ಬಿಡಿಸಿ, ಮೊಳಕಾಲು ನೀರಿಗಿಳಿದು ಅದನ್ನು ಹೊಳೆಗೆ ಬಿಟ್ಟಳು. ತಿರುಗಿ ಬಂದು ಅಪ್ಪನ ಎದುರಿಗೆ ನಿಂತಳು.

"ಮಜ್ಜಿಗಿ ತೆಳ್ಳಗ ಮಾಡು, ಸಾರು ತೆಳ್ಳಗ ಮಾಡು, ನಾ ಬ್ಯಾಡ ಅನ್ನೂದಿಲ್ಲ. ನನ್ನ ತಂಗಿ ಸಾವು ತೆಳ್ಳಗ ಮಾಡ್ಲಿಕ್ಕೆ ನೀ ಯಾರು? ಅದು ನನ್ನ ಪಾಲಿಂದು."

ಸೂತಕ ಕಳೆದ ಮೇಲೆ ಮೊದಲ ಊಟದಲ್ಲಿ ಅಪ್ಪ ಮಜ್ಜಿಗೆಗೆ ಕೈಯೊಡ್ಡಿದ. ಆತ್ಯಾ ಬಡಿಸಿದಳು. ಅಂಗೈಯ ಗೆರೆಗಳು ಕಾಣುವಷ್ಟು ತೆಳ್ಳಗಿತ್ತು. "ಗಟ್ಟಿ ಕುಡದ್ರ ನಿನ್ನ ಜೀವಕ್ಕ ಧಕ್ಕಿ ಆದೀತು" ಎಂದಳು. ಅಪ್ಪ ತಲೆ ತಗ್ಗಿಸಿ ಕುಡಿದ. ಅವಳು ಇರುವ ತನಕ ಅವನಿಗೆ ಬೇರೆ ಮಜ್ಜಿಗೆ ಸಿಗಲಿಲ್ಲ, ಅವನೂ ಒಂದು ದಿನ ಕೇಳಲಿಲ್ಲ. ಅಪ್ಪ ಕೆಟ್ಟವನಲ್ಲ. ಅಕ್ಕನ ಮೇಲೆ ಅವನಿಗೆ ಜೀವ. ನನ್ನ ಸಿಟ್ಟೆಲ್ಲ ಅಲ್ಲೇ ಇರುವುದು. ವೈರಿ ಹೀಗೆ ಮಾಡಿದ್ದರೆ ಬೈದು ಮರೆಯಬಹುದಿತ್ತು. ಪ್ರೀತಿಯವರು ಕಳ್ಳತನ ಮಾಡಿದರೆ ಯಾರಿಗೆ ದೂರು ಕೊಡುವುದು? ಬಿಸಿ ತಾಗೀತು ಎಂದು ಕೈಯಿಂದ ಪಾತ್ರೆಯನ್ನೇ ಕಿತ್ತುಕೊಂಡು, ಆಮೇಲೆ ಕೈ ಮೃದುವಾಗಿದೆ ನೋಡು ಅನ್ನುವ ಜನ ಇವರು. ಎಷ್ಟು ಗಟ್ಟಿ ತಡೆಯುತ್ತೇನೆ ಎಂದು ಅವಳನ್ನು ಒಂದು ಮಾತು ಕೇಳಬಾರದಿತ್ತೇ? ಗಂಡನ ಸಾವು ನುಂಗಿಕೊಂಡವಳಿಗೆ ಇವರು ಕಲಿಸಲು ಬಂದರು!

ಇದನ್ನೆಲ್ಲ ನೆನೆಯುತ್ತ ಆ ಬಣ್ಣಗೇಡಿ ಚಹಾವನ್ನು ನಾನು ಆರಿಸಿಬಿಟ್ಟಿದ್ದೆ. ಅಷ್ಟರಲ್ಲಿ ಮಗ ಶ್ರೀಧರನ ಫೋನು ಸದ್ದು ಮಾಡಿತು. ಅವನು ನನ್ನ ಮುಖ ನೋಡಿ, ಫೋನು ಹಿಡಿದು ಅಂಗಳಕ್ಕೆ ಹೋದ. ಅಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿ ಒಳಗೆ ಬಂದು ಪೇಪರು ಮಡಚಿದ, ಮತ್ತೆ ಬಿಡಿಸಿದ. ಸುಶೀಲಾ ಮೌಶಿಗೆ ಒಂಚೂರು ಆರಾಮಿಲ್ಲವಂತೆ, ಮುಂದಿನ ವಾರ ಬಿಡುವು ಮಾಡಿಕೊಂಡು ಕರೆದುಕೊಂಡು ಹೋಗುತ್ತೇನೆ ಎಂದ.

ಮೌಶಿ ಅಂದರೆ ಚಿಕ್ಕಮ್ಮ, ಶ್ರೀಧರ ಪ್ರೀತಿಯಿಂದ ಹಾಗೆ ಕರೆಯುವುದು. ಬನಹಟ್ಟಿಯ ಸುಶೀಲಾ ನನ್ನ ಜೊತೆ ಅದೇ ಸಾಲೆಯಲ್ಲಿ ಕನ್ನಡ ಕಲಿಸಿದವಳು. ನೇಕಾರರ ಮನೆಯ ಮಗಳು, ನೇಕಾರರ ಮನೆಯ ಸೊಸೆ. ನನ್ನ ಬುತ್ತಿಯ ಚಪಾತಿ ಅವಳು ತಿಂದು, ಅವಳ ಖಡಕ್ ರೊಟ್ಟಿ ನಾನು ತಿಂದು ನಮ್ಮ ಅರ್ಧ ಆಯುಷ್ಯ ಕಳೆದಿದೆ. ಅವಳಿಗೆ ಒಂಚೂರು ಆರಾಮಿಲ್ಲದಿದ್ದರೆ ಅವಳೇ ಫೋನು ಮಾಡಿ ಒಂದು ತಾಸು ಹೇಳುವವಳು.

"ಶ್ರೀಧರ, ನೀರು ಹಾಕಬ್ಯಾಡ. ಇದ್ದಾಳೋ, ಇಲ್ಲೋ?" ಎಂದೆ.

ಇದ್ದಾಳೆ ಎಂದ. ಬನಹಟ್ಟಿಯಲ್ಲೇ ದವಾಖಾನೆಯಲ್ಲಿದ್ದಾಳೆ, ಡಾಕ್ಟರು ಕೈ ಚೆಲ್ಲಿದ್ದಾರೆ, ಹೆಚ್ಚು ದಿನ ಇಲ್ಲ, ನಿನಗೆ ಬಿಪಿ ಇದೆಯಲ್ಲ ಎಂದು ತಡವರಿಸಿದ. ನನ್ನ ಬಿಪಿಯ ಚಿಂತೆ ಆಮೇಲೆ ಮಾಡು, ಗಾಡಿ ತೆಗಿ ಅಂದೆ.

ದವಾಖಾನೆಯ ಬಾಗಿಲಲ್ಲೇ ಸುಶೀಲಾಳ ಮಗ ಮಲ್ಲಪ್ಪ ನನ್ನನ್ನು ತಡೆದ. ನನ್ನ ಹತ್ತಿರವೇ ಕಲಿತ ಹುಡುಗ, ಈಗ ಮೀಸೆ ಬೆಳ್ಳಗಾಗಿದೆ. "ಅಕ್ಕೋರ, ಅವ್ವಗ ಏನೂ ಹೇಳಿಲ್ರಿ. ಎರಡು ದಿನದಾಗ ಮನಿಗೆ ಹೋಗೂಣು ಅಂದೀವಿ. ನೀವೂ ಹಂಗ ಅನ್ರಿ" ಎಂದ. ಅವನ ಕಣ್ಣು ಕೆಂಪಗಾಗಿತ್ತು. ಅವನ ಭುಜ ತಟ್ಟಿ ಒಳಗೆ ಹೋದೆ.

ಒಳಗೆ ಸೊಸೆ, ಮೊಮ್ಮಗಳು, ಓಣಿಯ ಹೆಂಗಸರು ಎಲ್ಲ ನಗುನಗುತ್ತ ಕೂತಿದ್ದರು. ಸುಶೀಲಾ ಹಾಸಿಗೆಯಲ್ಲಿ ಅರ್ಧ ಆಗಿದ್ದಳು. ನನ್ನನ್ನು ನೋಡಿ ಉಳಿದವರನ್ನು ಹೊರಗೆ ಕಳಿಸಿದಳು. ಗಂಜಿಯ ಬಟ್ಟಲು ಮುಟ್ಟದೆ ಪಕ್ಕದಲ್ಲಿತ್ತು.

"ದವಾಖಾನ್ಯಾಗ ಕೂತು ಎಲ್ಲಾರೂ ನಗಾಕತ್ತಾರ ನೋಡು. ಇಷ್ಟು ಮಂದಿ ನಗತಾರಂದ್ರ ಏನೋ ಐತಿ. ನೀ ಖರೆ ಹೇಳಬೇ. ನಾ ಮನಿಗೆ ಹೊಕ್ಕೀನೇನು?"

ಓದುಗರೇ, ಬೆಳಗಿನಿಂದ ಅಪ್ಪನನ್ನು ಬೈಯುತ್ತ ಕೂತವಳು ನಾನು. ಆದರೆ ಆ ಕಣ್ಣುಗಳ ಮುಂದೆ ನನ್ನ ಕಡೆಯ ಬೆಂಚಿನ ದನಿ ಎಲ್ಲಿ ಹೋಯಿತೋ. ಎರಡು ದಿನ ತಡಿ ಎಂಬ ಮಾತು ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತು. ಎಷ್ಟು ಸಲೀಸಾಗಿ ಬರುತ್ತದೆ ಅದು! ಬಾವಿಯ ಹತ್ತಿರ ಒದ್ದೆ ಧೋತರದಲ್ಲಿ ನಿಂತ ಅಪ್ಪನಿಗೂ ಹೀಗೇ ಆಗಿದ್ದಿರಬೇಕು. ಪಾಪ ಅನಿಸಿತು. ಅದರ ಹಿಂದೆಯೇ ಹೊಳೆಯಲ್ಲಿ ತೇಲಿ ಹೋದ ಹಸಿರು ಸೀರೆ ಕಣ್ಣಿಗೆ ಬಂತು. ಅವಳ ಕೈ ಹಿಡಿದುಕೊಂಡೆ.

"ಇಲ್ಲ ಸುಶೀಲಾ. ಮನಿಗೆ ಹೋಗೂದು ಆಗ್ಲಿಕ್ಕಿಲ್ಲ."

ಅವಳು ಮೇಲೆ ತಿರುಗುವ ಫ್ಯಾನು ನೋಡುತ್ತ ಮಲಗಿದ್ದಳು. ಕಣ್ಣಿನ ತುದಿಯಿಂದ ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಿದೆ. ಆಮೇಲೆ ಅವಳು ಹೇಳಿದಳು.

"ಹಂಗಾರ ಬೀಳಗಿಯಿಂದ ಗಿರಿಜಾನ ಕರಸು. ಹುಡುಗರ ಪರೀಕ್ಷಾ ಮುಗಿಸಿ ಬರ್ತಾಳ ಅನ್ನಾಕತ್ತಾರ. ಅಲ್ಲೀತನಕ ನಾ ಎಲ್ಲಿರ್ತೀನಿ?"

ಗಿರಿಜಾ ಅವಳ ಒಬ್ಬಳೇ ಮಗಳು. ಅವಳಿಗೂ ಇವರು ಒಂಚೂರು ಆರಾಮಿಲ್ಲ ಎಂದೇ ಹೇಳಿದ್ದರು. ನಾನು ವರಾಂಡಕ್ಕೆ ಬಂದು ಮಲ್ಲಪ್ಪನ ಫೋನು ಕೇಳಿ ಇಸಿದುಕೊಂಡೆ. ನಂಬರು ಹಚ್ಚಿಕೊಟ್ಟ. ಗಿರಿಜಾ, ನಿಮ್ಮವ್ವ ಸೀರಿಯಸ್ ಇದ್ದಾಳೆ, ಈಗಿಂದೀಗ ಬಾ ಎಂದೆ.

ಆ ಕಡೆಯಿಂದ ಬಂದ ಚೀರಾಟ ಕೇಳಿ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಯಾವಾಗ ಹ್ವಾದಳ್ರಿ ಅಕ್ಕೋರ? ಯಾವಾಗ ಹ್ವಾದಳು?" ನನ್ನ ಬುದ್ಧಿಗೆ ಏನು ಬಂದಿತ್ತೋ. ನಾವೆಲ್ಲ ಸೇರಿ ಆ ಶಬ್ದಕ್ಕೆ ಎಷ್ಟು ನೀರು ಹೊಯ್ದಿದ್ದೇವೆಂದರೆ, ಅದರಲ್ಲಿ ಈಗ ಬದುಕಿದವರಿಗೆ ಜಾಗವೇ ಉಳಿದಿಲ್ಲ.

"ಹೋಗಿಲ್ಲ ಗಿರಿಜಾ, ನನ್ನ ಮಾತು ಕೇಳು. ನಿಮ್ಮವ್ವ ಇನ್ನೂ ಇದ್ದಾಳ. ಇದ್ದಾಳ, ಅದಕ್ಕ ಬಾ ಅಂತೀನಿ."

ಮಲ್ಲಪ್ಪ ಗೋಡೆಗೆ ಆತು ನೆಲಕ್ಕೆ ಕೂತ. ನಾನೂ ಅವನ ಪಕ್ಕದ ಬೆಂಚಿನ ಮೇಲೆ ಕೂತೆ. ಬಿಸಿಲು ಇಳಿಯುವ ಮೊದಲು ಗಿರಿಜಾ ಬಂದಳು, ತಲೆ ಕೆದರಿ, ಒಂದೊಂದು ಕಾಲಿಗೆ ಒಂದೊಂದು ಬಗೆಯ ಚಪ್ಪಲಿ ಮೆಟ್ಟಿಕೊಂಡು. ಹಾಸಿಗೆ ಹತ್ತಿ ಕೂತು ತಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸುಶೀಲಾ ಏನೋ ಸಣ್ಣಗೆ ಹೇಳಲು ಶುರು ಮಾಡಿದಳು. ಅದು ನನಗೆ ಹೇಳಿದ್ದಲ್ಲವಾದ್ದರಿಂದ ನಾನು ಎದ್ದು ಬಂದೆ.

ಮನೆಗೆ ಬಂದಾಗ ಸಂಜೆಯಾಗಿತ್ತು. ವೀಣಾ ಚಹಾ ತಂದಳು. ತಳದ ಹೂವು ಕಾಣುತ್ತಿತ್ತು. ಮೌಶಿ ಹೆಂಗಿದ್ದಾರ್ರಿ ಎಂದು ಕೇಳಿದಳು.

"ಸಾಯ್ಲಿಕತ್ತಾಳ. ಮಗಳು ಬಂದಾಳ" ಎಂದೆ.

ವೀಣಾ ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಏನೂ ಕೇಳಿರಲಿಲ್ಲ. ಅವಳೇ ಕೈ ಚಾಚಿ ಕಪ್ಪು ತೆಗೆದುಕೊಂಡು ಒಳಗೆ ಹೋದಳು. ಚಹಾಪುಡಿಯ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಮತ್ತೆ ತಂದಿಟ್ಟಾಗ ಬಗ್ಗಿ ನೋಡಿದೆ, ಹೂವು ಕಾಣಲಿಲ್ಲ.